ಅಪಠಿತ

"ಮೊದಲು ಪ್ರಶ್ನೆ ಓದಿ, ಆಮೇಲೆ ಕಥೆ."
ಬೋಳಾರದ ಹಳೆ ಹಂಚಿನ ಗೋದಾಮು, ಮಹಡಿ,
ಭಾನುವಾರ ಮೂರರಿಂದ ಐದು, ಹಿಲ್ಡಾ ಟೀಚರ್.
ನಾವು ಒಂಬತ್ತು ಮಂದಿ ಖಾಸಗಿ ಅಭ್ಯರ್ಥಿಗಳು:
ಐಸ್ ಪ್ಲಾಂಟಿನ ಜಯಕರ, ಪಾರ್ಲರಿನ ಸುನಂದಕ್ಕ,
ಮಗಳ ಜೊತೆಗೇ ಹತ್ತನೇ ಕ್ಲಾಸು ಬರೆಯುವ ಐರಿನ್ ಬಾಯಿ,
ನಾನು ಸವಾದ್,
ತಲಪಾಡಿ–ಸ್ಟೇಟ್ ಬ್ಯಾಂಕ್ ಬಸ್ಸಿನ ಕಂಡಕ್ಟರ್.
ವಯಸ್ಸು ಮೂವತ್ತೊಂದು. ಕನ್ನಡದಲ್ಲಿ ಹದಿನೇಳು, ಎರಡು ಸಲವೂ.

ಮನೆಯಲ್ಲಿ ಬ್ಯಾರಿ, ಬಸ್ಸಿನಲ್ಲಿ ತುಳು,
ಡ್ರೈವರನ ಜೊತೆ ಸಿಳ್ಳೆ.
ಅಪಠಿತ ಅಂದರೆ ಮೊದಲು ಓದದೇ ಇದ್ದದ್ದು.
ನನಗೆ ಎಲ್ಲವೂ ಅಪಠಿತವೇ ಟೀಚರ್, ಎಂದೆ.
ಅವರು ನಗಲಿಲ್ಲ. ಪೆನ್ಸಿಲ್ ಕೊಟ್ಟರು.

ಕಥೆ ಇಷ್ಟೇ:
ಮುದುಕನೊಬ್ಬ ಹೆಂಗಸರ ಕೊಡೆಯೊಂದನ್ನು ರಿಪೇರಿಗೆ ಕೊಟ್ಟಿದ್ದಾನೆ.
ದಿನಾ ಬಂದು "ಆಯ್ತಾ?" ಕೇಳುತ್ತಾನೆ.
"ನಾಳೆ" ಎನ್ನುತ್ತಾನೆ ಅಂಗಡಿಯವ,
ಸ್ಟೂಲು ಎಳೆದು ಕೊಡುತ್ತಾನೆ. ಚಹಾ ಬರುತ್ತದೆ.
ರಿಪೇರಿಯಾದ ಕೊಡೆ ಮುದುಕನ ತಲೆಯ ಮೇಲೆಯೇ
ಕೊಕ್ಕೆಯಲ್ಲಿ ತೂಗುತ್ತಿದೆ, ತಿಂಗಳಿಂದ.

ಅಂಗಡಿಯವನು ಸುಳ್ಳು ಹೇಳಿದ್ದೇಕೆ? ಮೂರು ಅಂಕ.
ನಾನು ಬರೆದೆ: ಏಕೆಂದರೆ ಅವನು ಸುಳ್ಳುಗಾರನಾಗಿದ್ದನು.
ಸೊನ್ನೆ. ಅದೂ ಪೆನ್ಸಿಲಿನಲ್ಲಿ, ಉಜ್ಜಿದರೆ ಹೋಗುವ ಹಾಗೆ.

"ಬರೆದದ್ದನ್ನು ಓದಿದಿರಿ ಸವಾದ್. ಬರೆಯದೆ ಬಿಟ್ಟದ್ದು?"
"ಅದಕ್ಕೂ ಅಂಕ ಉಂಟಾ ಟೀಚರ್?"
"ಅದಕ್ಕೇ ಜಾಸ್ತಿ."

ಮಾತಾಡುತ್ತಿರುವುದು ಯಾರು, ಗುರುತು ಹಾಕಿ.
ಎರಡು ಸಲ ಬಂದ ಶಬ್ದಕ್ಕೆ ಅಡಿಗೆರೆ.
"ಆದರೆ" ಕಂಡಲ್ಲಿ ಬ್ರೇಕು, ಮುಂದೆ ತಿರುವು ಇರುತ್ತದೆ.
ಗೊತ್ತಿಲ್ಲದ ಶಬ್ದಕ್ಕೆ ಹೆದರಿ ಇಳಿದುಬಿಡಬೇಡಿ,
ಮುಂದಿನ ಸ್ಟಾಪಿನಲ್ಲಿ ಅದರ ನೆಂಟರು ಹತ್ತುತ್ತಾರೆ.
(ಈ ಬಸ್ಸಿನ ಮಾತು ನನಗಾಗಿ.
ಸುನಂದಕ್ಕನಿಗೆ ಕೂದಲ ಸಿಕ್ಕಿನ ಉದಾಹರಣೆ.)
ಪದ್ಯದಲ್ಲಿ "ವೋಲ್" ಎಂದರೆ "ಹಾಗೆ".
ಶಾಲೆಯಲ್ಲಿ ನಾನದನ್ನು ಯಾರದೋ ಹೆಸರು ಎಂದುಕೊಂಡಿದ್ದೆ,
ಯಾವನೋ ದೊಡ್ಡ ಮನುಷ್ಯ, ಎಲ್ಲರ ಹಿಂದೆ ಬರುವವ.

ಸೋಮವಾರ, ಎಂಟೂ ಹತ್ತರ ಟ್ರಿಪ್ಪು.
ಕೋಟೆಕಾರಿನಲ್ಲಿ ಹತ್ತುವ ಅಕ್ಕ. ಎರಡು ವರ್ಷದಿಂದ
ವಾರಕ್ಕೆರಡು ಸಲ, ಗಂಡನ ಕೈ ಹಿಡಿದು,
ಆ ಕೈಯ ಮಡಿಕೆಯಲ್ಲಿ ಸದಾ ಹತ್ತಿ, ಪ್ಲಾಸ್ಟರು.
ಮೂರು ವಾರ ಕಂಡಿರಲಿಲ್ಲ.
ಇವತ್ತು ಒಬ್ಬರೇ.
ಕಿಟಕಿಯ ಸೀಟಿನಲ್ಲಿ ಚೀಲ ಇಟ್ಟು ಪಕ್ಕದಲ್ಲಿ ಕೂತರು.
ನೋಟು ಚಾಚಿ, "ಎರಡು ಕಂಕನಾಡಿ."

ದುಂಬು ಪೋಲೆ, ದುಂಬು ಪೋಲೆ ಎನ್ನುತ್ತಿದ್ದ ಬಾಯಿ
ಅಲ್ಲಿಗೇ ನಿಂತಿತು.
ಒಬ್ಬರೇ ಅಲ್ವಾ ಅಕ್ಕ, ಎನ್ನಬಹುದಿತ್ತು.
ಮಷಿನು ಎರಡು ಸಲ ಕಿರ್ರೆಂದಿತು.
ಚಿಲ್ಲರೆ ಎಣಿಸಿದೆ, ಇಬ್ಬರ ಲೆಕ್ಕಕ್ಕೆ.
ಆ ಚೀಲವನ್ನು ಎತ್ತಿ ಎಂದು
ನಿಂತವರಿಗೆ ಯಾರಿಗೂ ಹೇಳಲು ಬಿಡಲಿಲ್ಲ,
ತೊಕ್ಕೊಟ್ಟಿನ ರಷ್ಷಿನಲ್ಲೂ, ನೇತ್ರಾವತಿ ದಾಟುವಾಗಲೂ.

ಕಂಕನಾಡಿ ಬಂತು. ಅವರು ಏಳಲಿಲ್ಲ.
ಹಿಂದಿನ ಬಸ್ಸು ಹಾರ್ನಿನ ಮೇಲೆ ಹಾರ್ನು.
"ಏನು ಮಾರಾಯ, ಟೈಮಿಂಗು!" ಬಾಬಣ್ಣನ ಬೊಬ್ಬೆ.
"ನಿಲ್ಲಿ, ಚಿಲ್ಲರೆ ಕೊಡ್ಲಿಕ್ಕೆ ಬಾಕಿ ಉಂಟು," ಎಂದೆ.

ಬಾಕಿ ಇರಲಿಲ್ಲ.

ಸಿಳ್ಳೆ ಬಾಯಲ್ಲಿಟ್ಟುಕೊಂಡು ನಿಂತೆ, ಊದದೆ.
ಒಂದು ನಿಮಿಷವೋ, ಒಂದೂವರೆಯೋ.
ಅವರು ಎರಡೂ ಚೀಟಿ ಮಡಚಿ ಪರ್ಸಿಗೆ ಹಾಕಿದರು,
ಚೀಲ ತೆಗೆದುಕೊಂಡರು, ಇಳಿದರು.
ಆಸ್ಪತ್ರೆಯ ಕಡೆಗಲ್ಲ.

ಆ ಭಾನುವಾರ ಉತ್ತರ ಇನ್ನೊಮ್ಮೆ ಬರೆದೆ.
ಕಾಗುಣಿತ ನಾಲ್ಕು ಕಡೆ ತಪ್ಪು, ಒತ್ತಕ್ಷರ ಎರಡು ಕಡೆ.
ಟೀಚರ್ ಓದಿದರು, ಕನ್ನಡಕ ತೆಗೆದು ಮತ್ತೆ ಓದಿದರು.
"ಸರಿ. ಆದರೆ ಪರೀಕ್ಷಕರು ಆಧಾರ ಕೇಳುತ್ತಾರೆ.
ಕಥೆಯಲ್ಲಿ ಎಲ್ಲಿದೆ ಇದು? ತೋರಿಸಿ."

ಜಯಕರ ಕೊಡೆ ಎಂದ. ಐರಿನ್ ಬಾಯಿ ಚಹಾ ಎಂದರು.
ನಾನು ಪೆನ್ಸಿಲಿನಿಂದ, ಸ್ವಲ್ಪ ಒತ್ತಿಯೇ,
"ಸ್ಟೂಲು" ಎಂಬ ಶಬ್ದದ ಕೆಳಗೆ
ಗೆರೆ ಎಳೆದೆ.